ಮಳಲಿನ ದೇಶದ ಮಣ್ಣು

ಎರಡನೆಯ ಮಹಾಯುದ್ಧದ ಆ ವರ್ಷಗಳಲ್ಲಿ ಕೊಣ್ಣೂರಿನ ನಮ್ಮ ಮನೆಗೆ ಇರಾಕ್ ದೇಶ ಕಾಗದದಲ್ಲಿ ಬರುತ್ತಿತ್ತು. ಅಪ್ಪನ ತಮ್ಮ, ನಮ್ಮ ಕಾಕಾ, ಅಲ್ಲಿ ಫೌಜಿನ ಲಾರಿ ಓಡಿಸುತ್ತಿದ್ದ. ಊರಿನ ಹೆಸರು ಬರೆದಲ್ಲೆಲ್ಲ ಸರ್ಕಾರದವರು ಕಪ್ಪು ಮಸಿ ಬಳಿದಿರುತ್ತಿದ್ದರು. ಉಳಿಯುತ್ತಿದ್ದುದು ನೆಲದ ಸುದ್ದಿ.

ಅಪ್ಪನ ತಾಯಿಯನ್ನು ನಾವು ಆಯಿ ಎನ್ನುತ್ತಿದ್ದೆವು; ಮೊಮ್ಮಗಳಾದ ನನ್ನನ್ನು ಆಕೆ ತಂಗಿ ಎನ್ನುತ್ತಿದ್ದಳು. ಆಕೆ ಪಡಸಾಲೆಯಲ್ಲಿ ಶೇಂಗಾ ಸುಲಿಯುತ್ತಿದ್ದಳು. ನಾಲ್ಕನೆಯ ಇಯತ್ತೆಯಲ್ಲಿ ಕಲಿಯುತ್ತಿದ್ದ ನಾನು ಕಾಗದ ಓದಿ ಹೇಳುತ್ತಿದ್ದೆ. ಗಾಣದ ಕಡೆಯಿಂದ ಕುದಿಯುವ ಕಬ್ಬಿನ ಹಾಲಿನ ವಾಸನೆ ಬರುತ್ತಿತ್ತು.

“ಇಲ್ಲಿ ನೆಲ ತೋಡಿದ್ರ ಎಣ್ಣಿ ಸಿಗತೈತಿ, ನೀರ ಸಿಗಾಂಗಿಲ್ಲ. ಸಿಕ್ಕರೂ ಉಪ್ಪು. ದಿನಗಟ್ಲೆ ಹೋದ್ರೂ ಬರೀ ಮಳಲು,” ಎಂದು ಕಾಕಾ ಬರೆದಿದ್ದ.

“ಒಗ್ಗರಣಿ ಹಾಕ್ಕೊಂಡು ಬಾಯಾರಿ ಕುಂಡರಬೇಕ ಹಂಗಾರ,” ಎಂದಳು ಆಯಿ.

“ಅದು ದೀಪದ ಎಣ್ಣಿ, ಆಯಿ.”

“ಯಾವುದರೆ ಆಗ್ಲಿ. ಮಳಲಾಗ ಕುಣಿ ನಿಲ್ಲತೈತೇನು?”

ಒಳಗಿನಿಂದ ಅವ್ವ, “ಏನ್ ಮಾತರಿ ಅತ್ತಿ, ಬಿಡ್ತು ಅನ್ರಿ,” ಎಂದಳು.

ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಕುಣಿ ತೋಡಿ, ಅದರ ಗೋಡೆಯಲ್ಲಿ ಗೂಡು ಕೊರೆದು, ಕುಳಿತ ಭಂಗಿಯಲ್ಲಿ ಕೂಡಿಸುತ್ತಾರೆ. ಘಟಪ್ರಭೆಯ ದಂಡೆಯ ಮಳಲಿನಲ್ಲಿ ನಾವು ಆಟಕ್ಕೆ ತೋಡಿದ ಗುಂಡಿಗಳು ಮೊಣಕೈ ಆಳಕ್ಕೇ ಕುಸಿಯುತ್ತಿದ್ದವು.

ಕಬ್ಬಿನ ಹಂಗಾಮು ಮುಗಿಯುವ ಹೊತ್ತಿಗೆ ಸರ್ಕಾರದ ಕಾಗದ ಬಂತು. ಇಂಗ್ಲಿಷಿನಲ್ಲಿದ್ದುದನ್ನು ಸಾಲಿಯ ಮಾಸ್ತರರು ಓದಿ ಹೇಳಿದರು: ಕಾಕಾ ಜ್ವರದಿಂದ ತೀರಿಕೊಂಡಿದ್ದ, ಅಲ್ಲಿಯೇ ಹೂಳಿದ್ದರು. ಎಲ್ಲಿ ಎಂದು ಬರೆದಿರಲಿಲ್ಲ. ಅವರು ಹೋದ ಮೇಲೆ ಆಯಿ ನನ್ನನ್ನು ಕರೆದಳು.

“ತಂಗಿ, ನೀ ಭೂಗೋಳ ಕಲ್ತಿ. ಆ ದೇಶದಾಗ ಎಲ್ಲಾ ಮಳಲಾ?”

“ಎಲ್ಲಾ ಅಲ್ಲ. ಎರಡು ದೊಡ್ಡ ಹೊಳಿ ಅದಾವ. ದಂಡಿ ಮಣ್ಣು ಗಟ್ಟಿ, ನಮ್ಮ ಎರಿ ಹೊಲದಂಗ. ಅಲ್ಲಿ ಖರ್ಜೂರದ ಗಿಡ ಬೆಳೀತಾವ.”

“ಅವನ್ನ ಅಲ್ಲೇ ಕೂಡಿಸ್ಯಾರೇನು?”

“ಹೂಂ, ಅಲ್ಲೇ.”

ಹೊಳೆಗಳ ಮಾತು ಪಾಠದಲ್ಲಿತ್ತು. ಕೊನೆಯ ಮಾತು ಯಾವ ಕಾಗದದಲ್ಲೂ ಇರಲಿಲ್ಲ. ಆಯಿ ಅಳಲಿಲ್ಲ. ಶೇಂಗಾದ ಮೊರವನ್ನು ಮತ್ತೆ ಎಳೆದುಕೊಂಡಳು. ನಾನೂ ಸುಲಿಯಲು ಕುಳಿತೆ.

ಈಗಿನ ನಕಾಶೆಗಳಲ್ಲಿ ಆ ದೇಶದ ಎಣ್ಣೆಯ ಬಾವಿಗಳಿಗೆ ಗುರುತು ಹಾಕಿರುತ್ತಾರೆ. ಮಳಲಿಗೊಂದು ಬಣ್ಣ, ಉಪ್ಪಿನ ನೆಲಕ್ಕೊಂದು, ಹೊಳೆಯ ಮಣ್ಣಿಗೊಂದು. ಆಯಿ ಹೋಗಿ ಬಹಳ ವರ್ಷಗಳಾದವು. ಎರೆ ಮಣ್ಣಿನಲ್ಲಿ ಆಕೆಯ ಕುಣಿ ಚೆನ್ನಾಗಿ ನಿಂತಿತು. ಕಾಕಾ ಯಾವ ಬಣ್ಣದಲ್ಲಿದ್ದಾನೆ ಎಂದು ಕೇಳುವವರು ಈಗ ನಮ್ಮ ಮನೆಯಲ್ಲಿ ಯಾರೂ ಇಲ್ಲ.