ಮೇಜಿಗೆ ಹಾಸಿದ ಬಿಳಿ ಸೀರೆ

ವಾಡಿಯ ತುಳಜಾಬಾಯಿ ಹಳೆ ಸಾಮಾನು ಕೊಳ್ಳುವಾಗ ಅದರ ಜಾತಕ ಕೇಳದೆ ಕೊಂಡವಳಲ್ಲ. ಸ್ಟೇಷನ್ನಿನ ಹಿಂದಿರುವ ಕಲೀಮನ ಗುಜರಿ ಅಂಗಡಿಯಲ್ಲಿ ಒಂದು ಸೌಟು ಕೈಗೆತ್ತಿಕೊಂಡರೆ ಸಾಕು, ವಿಚಾರಣೆ ಶುರು.

“ಇದು ಯಾರ ಮನೀದು? ಯಾಕ ಹಾಕ್ಯಾರ? ಸತ್ತೋರು ಬಳಸಿದ್ದಲ್ಲಲ್ಲ?”

“ಅಕ್ಕಾ, ನೀವು ಠಾಣೆದಾಗ ಇರಬೇಕಿತ್ತು ನೋಡ್ರಿ” ಎಂದು ಕಲೀಮ್ ನಗುತ್ತಿದ್ದ. ನಗುತ್ತಲೇ ಎಲ್ಲ ಹೇಳುತ್ತಿದ್ದ, ಹೇಳದೆ ಗತಿಯಿರಲಿಲ್ಲ. ಅವನು ಹೇಳಿದ ಮೇಲೂ ಆಕೆಗೆ ಪೂರ್ತಿ ನಂಬಿಕೆ ಬರುತ್ತಿತ್ತು ಅಂತಲ್ಲ. ತಂದದ್ದನ್ನು ಸೋಡಾ ಹಾಕಿ ಕುದಿಸಿದ ನೀರಿನಲ್ಲಿ ಅದ್ದಿ, ವಾಡಿಯ ಬಿಸಿಲಿಗೆ ಒಣಗಿಸಿ, ಆಮೇಲೇ ಹೊಸಿಲು ದಾಟಿಸುತ್ತಿದ್ದಳು.

ಇಷ್ಟು ಅನುಮಾನ ಇದ್ದವಳು ಹಳೆಯದನ್ನು ಕೊಳ್ಳುವುದಾದರೂ ಏಕೆ ಎಂದರೆ, ಆಕೆಯ ಕಣ್ಣು ಅಂಥದ್ದು. ಗಂಡ ಭಗವಂತ ರೈಲ್ವೆಯಲ್ಲಿ ಗ್ಯಾಂಗ್‌ಮನ್ ಆಗಿದ್ದ ಕಾಲದಿಂದಲೂ ಬುದ್ಧ ಪೂರ್ಣಿಮೆಗೆ ಪೂಜೆಯ ಮೇಜು ಸಿಂಗರಿಸುವ ಕೆಲಸ ಆಕೆಯ ಕೈಯದೇ. ಆ ಮೇಜು, ಸೊಲ್ಲಾಪುರಕ್ಕೆ ವರ್ಗವಾಗಿ ಕ್ವಾರ್ಟರ್ಸ್ ಖಾಲಿ ಮಾಡಿದ ಒಬ್ಬ ರೈಲ್ವೆ ಗಾರ್ಡ್‌ನದು. ಅದರ ಒಂದು ಕಾಲು ಮೋಟು, ಆ ಕಾಲಿನ ಕೆಳಗೆ ಶಹಾಬಾದ್ ಕಲ್ಲಿನ ಚೂರು ಕೊಟ್ಟಿದ್ದಳು. ಮುಚ್ಚಿಹೋದ ಐಸ್‌ಕ್ರೀಮ್ ಅಂಗಡಿಯ ಗಾಜಿನ ಬಟ್ಟಲುಗಳಲ್ಲಿ ಮೇಣದಬತ್ತಿ ನಿಲ್ಲಿಸುವಳು. ಹಿಡಿ ಕಿತ್ತ ನೀಲಿ ಮಗ್ಗಿನಲ್ಲಿ ಅರಳಿ ಎಲೆಯ ಗೊಂಚಲು ಇಡುವಳು. ಯಾವುದೋ ಮನೆಯ ಹಿತ್ತಾಳೆ ತಾಟು ತಿಕ್ಕಿ ತಿಕ್ಕಿ ಹೊಳೆಸಿ ಅದರ ತುಂಬ ಮಲ್ಲಿಗೆ. ನಡುವೆ ಬುದ್ಧ, ಪಕ್ಕದಲ್ಲಿ ಬಾಬಾಸಾಹೇಬರು. ಓಣಿಯವರು ಬಂದು ನಿಂತು ನೋಡುತ್ತಿದ್ದರು. ಹೊಸದನ್ನು ಕೊಂಡು ಇಟ್ಟಿದ್ದರೆ ಅಷ್ಟು ಚಂದ ಆಗುತ್ತಿರಲಿಲ್ಲ, ಇದು ನನ್ನ ಮಾತು.

ಆದರೆ ಸಾಮಾನಿನ ಮೇಲಿನ ಅನುಮಾನ ಮನುಷ್ಯರ ಮೇಲೂ ಹರಿದಾಗ ಮಾತ್ರ ಮನೆಯಲ್ಲಿ ಕಷ್ಟ. ಮಗಳು ಲುಂಬಿನಿ ಶಹಾಬಾದಿನ ಆಸ್ಪತ್ರೆಯೊಂದರಲ್ಲಿ ನರ್ಸು. ಅವಳಿಗೆ ಬಂದ ಮೊದಲ ಗಂಡು ಏಲಕ್ಕಿ ಅಗಿಯುತ್ತ ಕೂತಿದ್ದ. “ಬಾಯಿ ವಾಸನಿ ಮುಚ್ಚಾಕ ಅಗೀತಾನ, ಕುಡೀತಾನ ಅಂವ” ಎಂದು ತುಳಜಾಬಾಯಿ ಅವತ್ತೇ ತೀರ್ಪು ಕೊಟ್ಟಳು. ಎರಡನೆಯವನು ಪದೇ ಪದೇ ಫೋನು ನೋಡಿದ; ಅವನಿಗೆ ಬೇರೆ ಯಾರೋ ಇದ್ದಾರೆ ಎಂದಾಯಿತು. ಎರಡೂ ಸಂಬಂಧ ಅಲ್ಲಿಗೇ ನಿಂತವು.

ಈಗ ಬರುತ್ತಿದ್ದವನು ಪ್ರಬುದ್ಧ, ಚಿಂಚೋಳಿ ತಾಲೂಕಿನ ಕೊಡ್ಲಿಯವನು, ಶಾಲೆ ಮಾಸ್ತರ. ಇವನನ್ನು ಲುಂಬಿನಿಯೇ ಮೆಚ್ಚಿದ್ದಳು. ಅವನ ತಾಯಿ ಮತ್ತು ಅಜ್ಜಿ ಪೂರ್ಣಿಮೆಯ ದಿನವೇ ಮನೆ ನೋಡಲು ಬರುತ್ತೇವೆಂದು ಹೇಳಿ ಕಳಿಸಿದ್ದರು. ಲುಂಬಿನಿ ತಾಯಿಯ ಎರಡೂ ಕೈ ಹಿಡಿದುಕೊಂಡಳು.

“ಅವ್ವಾ, ಈ ಸಲ ನೀ ಏನೂ ಕೆದಕಬ್ಯಾಡ. ಅಂವ ಬ್ಯಾಡಂದ್ರ ನನಗ ಯಾರೂ ಬ್ಯಾಡ.”

ತುಳಜಾಬಾಯಿ ಹೂಂ ಎಂದಳು. ಆದರೆ ಆಕೆಯ ಅಳುಕೇ ಬೇರೆ. ಪೂರ್ಣಿಮೆಯ ದಿನವೇ ಯಾಕೆ ಬರಬೇಕು? ಮೇಜು ನೋಡಲಿಕ್ಕೇ ಇರಬೇಕು. ಕಂಡವರ ಮನೆಯ ಹಳೆಯದನ್ನೆಲ್ಲ ಗುಡ್ಡೆ ಹಾಕಿ ಬುದ್ಧನ ಮುಂದೆ ಇಟ್ಟಿದ್ದಾರೆ ಅಂದುಬಿಟ್ಟರೆ? ಬೀಗರ ಬಾಯಿಗೆ ಬಿದ್ದರೆ ಮುಗಿಯಿತು. ಎಲ್ಲಿಂದ ತಂದಿರಿ ಎಂದು ಕೇಳಿದರೆ ಕಲಬುರಗಿ ಅಂಗಡಿಯದು ಅನ್ನೋಣ ಎಂದು ಗಂಡನಿಗೂ ಮಗಳಿಗೂ ಪಾಠ ಹೇಳಿಕೊಟ್ಟಳು.

ಆ ವರ್ಷ ಮೇಜಿಗೆ ಹಾಸಿದ್ದು ಬಿಳಿ ಸೀರೆ, ನೀಲಿ ಅಂಚಿನದು. ಈ ಸಂಬಂಧ ಬರುವ ಮೊದಲೇ ಸೇಡಂ ಸಂತೆಯಲ್ಲಿ ತಂದದ್ದು. ಹಳೆ ಸೀರೆ ತೆಗೆದುಕೊಂಡು ಸ್ಟೀಲ್ ಸಾಮಾನು ಕೊಡುವ ಹೆಂಗಸರು ಈ ಕಡೆ ಊರೂರು ತಿರುಗುತ್ತಾರಲ್ಲ, ಅವರು ಹಾಗೆ ಕೂಡಿದ ಸೀರೆಗಳನ್ನು ಒಗೆದು ಸಂತೆಯಲ್ಲಿ ರಾಶಿ ಹಾಕುತ್ತಾರೆ. ರಾಶಿಯಲ್ಲಿ ಇದೊಂದು ಹಾಲಿನಂಥ ಬಿಳುಪು. ಒಂದು ಕಡೆ ಮಾತ್ರ ಕಿಡಿ ಬಿದ್ದು ಸುಟ್ಟ ತೂತು. ಅದನ್ನು ಯಾರೋ ನೀಲಿ ದಾರದಲ್ಲಿ ಅರಳಿ ಎಲೆಯ ಹಾಗೆ ಹೊಲಿದು ರಫೂ ಮಾಡಿದ್ದರು. ಇಷ್ಟು ಚಂದದ ಸೀರೆ ಯಾಕೆ ಹಾಕಿದರು ಎಂದು ತುಳಜಾಬಾಯಿ ಆ ಹೆಂಗಸಿನ ಜೀವ ತಿಂದಳು. ಆಕೆ ಬೇಸತ್ತು ಹೇಳಿದ್ದಳು: “ಕೊಡ್ಲಿ ಕಡಿ ಒಂದು ಮನ್ಯಾಗ ಸೊಸಿ ಕೊಟ್ಟಳವ್ವ. ನವಿಲು ಕೊರೆದ ಡಬ್ಬಿ ಒಯ್ದಳು. ಸತ್ತೋರದ್ದಲ್ಲ, ಅತ್ತಿ ಗಟ್ಟಿ ಅದಾಳ. ಸಾಕೇನು?” ಸಾಕಾಯಿತು. ಊರುಗಳ ಹೆಸರು ತುಳಜಾಬಾಯಿಯ ಕಿವಿಯಲ್ಲಿ ನಿಲ್ಲುವುದಿಲ್ಲ. ಸತ್ತವರದ್ದಲ್ಲ ಎಂಬುದೊಂದೇ ನಿಂತಿತ್ತು. ಪೂರ್ಣಿಮೆಯ ಬೆಳಿಗ್ಗೆ ಆ ರಫೂ ಕಾಣದಂತೆ ಅದರ ಮೇಲೆ ಮಲ್ಲಿಗೆ ತಾಟು ಇಟ್ಟಳು.

ಬೀಗರು ಸೇಡಮ್ಮಿನವರೆಗೆ ಬಸ್ಸಿಗೆ, ಅಲ್ಲಿಂದ ರೈಲಿಗೆ ಬಂದರು. ಅಜ್ಜಿ ಶೇವಂತಾಬಾಯಿ ಬಿಳಿ ಸೀರೆಯಲ್ಲಿ, ನೆಟ್ಟಗೆ. ಹಿಂದೆ ಆಕೆಯ ಸೊಸೆ, ಹುಡುಗನ ತಾಯಿ ಕರುಣಾ, ಕೈಯಲ್ಲಿ ಸಿಹಿ ಉಂಡಿ ತುಂಬಿದ ಸ್ಟೀಲ್ ಡಬ್ಬಿ. ಕೊನೆಗೆ ಪ್ರಬುದ್ಧ, ಬೆವರುತ್ತ.

“ಜೈ ಭೀಮ್ ಆಯಿ, ಬರ್ರಿ, ಒಳಗ ಬರ್ರಿ, ಕುಂದ್ರಿ” ಎಂದ ಭಗವಂತ.

ಶೇವಂತಾಬಾಯಿ ಕೂತಲ್ಲಿಂದಲೇ ಮೇಜನ್ನು ನೋಡಿದಳು. ಬಟ್ಟಲು, ಮಗ್ಗು, ತಾಟು ಎಲ್ಲದರ ಮೇಲೆ ಕಣ್ಣು ಹೋಯಿತು. ಆದರೆ ಆ ನೋಟಕ್ಕಿಂತ ಹೆಚ್ಚಿಗೆ ತುಳಜಾಬಾಯಿಯನ್ನು ಕಾಡಿದವಳು ಕರುಣಾ. ಬಾಗಿಲಲ್ಲಿ ನಗುತ್ತ ಬಂದವಳು ಮೇಜು ಕಂಡಿದ್ದೇ ತಡ, ಮುಖ ಹಿಂಡಿದಂತಾಯಿತು. ಖೀರು ಕೊಟ್ಟರೆ ಬಟ್ಟಲು ಹಿಡಿದುಕೊಂಡೇ ಕೂತಳು. ಹುಡುಗಿಯ ಕಡೆ ತಿರುಗಿಯೂ ನೋಡಲಿಲ್ಲ. ಈಕೆಗೆ ಸಂಬಂಧ ಮನಸ್ಸಿಲ್ಲ, ಹುಡುಗನಲ್ಲಿ ಏನೋ ಐಬಿದೆ, ಮುಚ್ಚಿಡುತ್ತಿದ್ದಾಳೆ ಎಂದು ತುಳಜಾಬಾಯಿ ಲೆಕ್ಕ ಹಾಕತೊಡಗಿದಳು. ಲುಂಬಿನಿ ತಾಯಿಯ ಮುಖ ನೋಡಿ ಕಣ್ಣಲ್ಲೇ ಬೇಡ ಎಂದಳು.

ಬುದ್ಧ ವಂದನೆಗೆ ಎಲ್ಲರೂ ಎದ್ದರು. ಮೇಣದಬತ್ತಿ ಹಚ್ಚಲು ಅಡ್ಡವಾಗುತ್ತದೆಂದು ಭಗವಂತ ಮಲ್ಲಿಗೆ ತಾಟನ್ನು ಆಚೆ ಸರಿಸಿದ. ನೀಲಿ ರಫೂ ಬಯಲಾಯಿತು. ಅಯ್ಯೋ ಎಂದುಕೊಂಡು ತುಳಜಾಬಾಯಿ ಕೈ ಚಾಚುವಷ್ಟರಲ್ಲಿ ಕರುಣಾ ಮುಂದೆ ಬಂದು ತನ್ನ ಡಬ್ಬಿಯನ್ನು ಸರಿಯಾಗಿ ಅದರ ಮೇಲೆಯೇ ಇಟ್ಟಳು.

ನಮ್ಮ ಮನೆಯ ಸೀರೆಯ ತೂತು ಮುಚ್ಚುವ ಗರಜು ಈಕೆಗೇಕೆ? ತುಳಜಾಬಾಯಿ ಡಬ್ಬಿಯನ್ನೇ ನೋಡಿದಳು. ಮುಚ್ಚಳದ ಮೇಲೆ ಗರಿ ಬಿಚ್ಚಿದ ನವಿಲು. ಸಂತೆಯ ಹೆಂಗಸು ಅಂದ ಒಂದೊಂದು ಮಾತೂ ಈಗ ನೆನಪಿಗೆ ಬಂತು, ಊರಿನ ಹೆಸರು ಸಹಿತ.

ಭಗವಂತ ತ್ರಿಶರಣ ಹೇಳಿಕೊಟ್ಟ, ಪಂಚಶೀಲ ಹೇಳಿಕೊಟ್ಟ. ಸುಳ್ಳಾಡುವುದಿಲ್ಲ ಎಂಬ ನಾಲ್ಕನೆಯ ಶೀಲ ಬಂದಾಗ ತುಳಜಾಬಾಯಿಯ ದನಿ ಸಣ್ಣದಾಯಿತು. ಪಕ್ಕದಲ್ಲಿ ಕರುಣಾಳ ದನಿ ಕೇಳಿಸಲೇ ಇಲ್ಲ.

ವಂದನೆ ಮುಗಿದ ಮೇಲೆ ಶೇವಂತಾಬಾಯಿ ಹೂ ಏರಿಸಲು ಬಗ್ಗಿದಳು. “ಬುದ್ಧನ ಮುಂದ ಡಬ್ಬಿ ಯಾಕ ಅಡ್ಡ ಇಟ್ಟಿ?” ಎಂದು ಸೊಸೆಯನ್ನು ಗದರಿ ಅದನ್ನು ಎತ್ತಿದಳು. ಎತ್ತಿದ ಕೈ ಹಾಗೇ ನಿಂತಿತು. ಇನ್ನೊಂದು ಕೈಯ ಬೆರಳು ರಫೂ ಮೇಲೆ ಹೋಯಿತು.

“ಈ ಸೀರಿ ಎಲ್ಲಿದವಾ?”

ಕಲಬುರಗಿ ಅಂಗಡಿ ಎಂಬ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಈಗಷ್ಟೇ ಶೀಲ ಹೇಳಿದ ಬಾಯಿಂದ ಅದು ಹೊರಡಲಿಲ್ಲ.

“ಸೇಡಂ ಸಂತ್ಯಾಗ ತಂದೀನ್ರಿ ಆಯಿ. ಹಳೇದು. ಈ ಮೇಜು, ತಾಟು, ಬಟ್ಟಲಾ, ಇಲ್ಲಿರೋದೆಲ್ಲಾ ಹಳೇದೇ. ಮಂದಿ ಬಿಟ್ಟಿದ್ದು ತರ್ತೀನಿ ನಾ.”

ಹೇಳಿದ ಮೇಲೆ ಆಕೆಗೆ ನಾಚಿಕೆಯಾಯಿತು. ಆದರೆ ಶೇವಂತಾಬಾಯಿ ತಾಟು ಬಟ್ಟಲುಗಳ ಸುದ್ದಿಗೇ ಬರಲಿಲ್ಲ.

“ಇದು ನಂದು. ನಾಗಪುರಕ್ಕ, ಬಾಬಾಸಾಹೇಬರ ದೀಕ್ಷಾಭೂಮಿಗಿ ಉಟ್ಕೊಂಡು ಹೋಗಿದ್ದೆ. ಗದ್ದಲದಾಗ ಯಾರದೋ ಊದಿನಕಡ್ಡಿ ತಗಲಿ ಸುಟ್ಟಿತ್ತು. ತಿರುಗಿ ಬರೋವಾಗ ರೈಲಿನಾಗ ಕುಂತು ರಫೂ ಮಾಡೀನಿ, ಬಿಳಿ ದಾರ ಇರಲಿಲ್ಲ.” ಆಕೆಯ ದನಿ ಗಡುಸಾಯಿತು. “ಹೋದ ವರ್ಷ ಮನ್ಯಾಗಿಂದ ಕಾಣದಂಗ ಆತು. ಬಾಜೂ ಮನಿ ಮಾಶಾಬಿ ನಮ್ಮ ಹಗ್ಗದ ಮ್ಯಾಲೇ ಅರಬಿ ಒಣಾಕ್ತಿದ್ದಳು. ಅಕಿದೇ ಕೆಲಸ ಅಂತ ನನಗ ಅವತ್ತೇ ಗೊತ್ತಿತ್ತು. ಅವತ್ತಿಂದ ಅಕಿ ಜೋಡಿ ಮಾತು ಬಿಟ್ಟೀನಿ. ನೋಡು, ಸಂತಿಗಿ ಮಾರ್ಯಾಳ ಖೋಡಿ.”

ಕರುಣಾ ನೆಲ ನೋಡುತ್ತಿದ್ದಳು. ತುಳಜಾಬಾಯಿ ಬದುಕಿನಲ್ಲಿ ಇಷ್ಟು ಖಚಿತವಾಗಿ ಯಾವುದನ್ನೂ ತಿಳಿದಿರಲಿಲ್ಲ, ತಿಳಿದದ್ದಕ್ಕೆ ಇಷ್ಟು ಸಂಕಟವನ್ನೂ ಪಟ್ಟಿರಲಿಲ್ಲ. ಹೇಳಿದರೆ ಹುಡುಗನ ತಾಯಿಯ ಮರ್ಯಾದೆ ಅತ್ತೆಯ ಮುಂದೆ ಹೋಗುತ್ತದೆ, ಸಂಬಂಧ ಇಲ್ಲೇ ಮುರಿಯುತ್ತದೆ. ಸುಮ್ಮನಿದ್ದರೆ ತಾನು ಕಾಣದ ಯಾವಳೋ ಒಬ್ಬಳು ಕೊಡ್ಲಿಯಲ್ಲಿ ಕಳ್ಳಿಯಾಗಿಯೇ ಉಳಿಯುತ್ತಾಳೆ. ಅಡುಗೆಮನೆ ಬಾಗಿಲಲ್ಲಿ ಲುಂಬಿನಿ ನಿಂತಿದ್ದಳು. ಮಗಳ ಮುಖ ನೋಡಲಾರದೆ ತುಳಜಾಬಾಯಿ ಬುದ್ಧನ ಕಡೆ ತಿರುಗಿದಳು.

“ಮಾಶಾಬಿ ಅಲ್ರಿ ಆಯಿ.”

“ನಿನಗ ಹ್ಯಾಂಗ ಗೊತ್ತು?”

“ಕೇಳದೇ ನಾ ಏನೂ ತಗೋಳಂಗಿಲ್ರಿ. ಸೀರಿ ಮಾರೋ ಹೆಣ್ಮಗಳಿಗಿ ಬಿಡದಂಗ ಕೇಳೀನಿ. ಯಾವ ಮನೀದು, ಯಾರು ಹಾಕ್ಯಾರ, ಎಲ್ಲಾ ಹೇಳ್ಯಾಳ. ಮಾಶಾಬಿ ಹಾಕಿಲ್ಲ.”

“ಮತ್ತ ಯಾರು ಹಾಕ್ಯಾರ?”

“ಅದು ನನ್ನ ಬಾಯಿಂದ ಬ್ಯಾಡ್ರಿ.”

ಶೇವಂತಾಬಾಯಿ ಕೈಯಲ್ಲಿದ್ದ ಡಬ್ಬಿಯನ್ನು ಇನ್ನೂ ಕೆಳಗಿಟ್ಟಿರಲಿಲ್ಲ. ಕರುಣಾ ಹತ್ತಿರ ಬಂದು ಅದರ ಮುಚ್ಚಳದ ಮೇಲೆ ಕೈಯಿಟ್ಟಳು.

“ನಾನೇ ಹಾಕೀನ್ರಿ ಅತ್ತಿ. ಈ ಡಬ್ಬಿಗೇ. ಸುಟ್ಟ ಸೀರಿ, ಗಂಟಿನಾಗ ಇತ್ತು, ಉಡಂಗಿಲ್ಲ ಅಂದ್ಕೊಂಡೆ. ಮರುದಿನ ನೀವು ಹುಡುಕಾಕ ಹತ್ತಿದ್ರಿ. ಹೇಳೋಣಂತ ಬಂದೆ, ಅಷ್ಟರಾಗ ನೀವು ಮಾಶಾಬಿ ಹೆಸರು ತಗೊಂಡ್ರಿ. ನಾ ಸುಮ್ನಾದೆ.”

ಮುದುಕಿ ಒಮ್ಮೆ ಸೀರೆ ನೋಡಿದಳು, ಒಮ್ಮೆ ಡಬ್ಬಿ. ಈಗ ಕಿರುಚುತ್ತಾಳೆ ಎಂದುಕೊಂಡರು ಎಲ್ಲರೂ. ಆಕೆ ಕುರ್ಚಿಯ ಮೇಲೆ ಕೂತಳು.

“ವರ್ಷ ಆತಲ್ಲೇ ಕರುಣಾ” ಎಂದಳು. “ರಮಜಾನಕ್ಕ ಅಕಿ ಶೀರಖುರ್ಮಾ ತಂದು ಬಾಗಿಲಾಗ ನಿಂತಿದ್ದಳು. ನಾ ಬಾಗಿಲಾ ಹಾಕ್ಕೊಂಡೆ. ಒಂದು ಮಾತು ಅಕಿಗಿ ಕೇಳಲಿಲ್ಲಲ್ಲ ನಾ.”

ಆಮೇಲೆ ಎಲ್ಲರೂ ಊಟ ಮಾಡಿದರು, ಹೇಗೆ ಮಾಡಿದರೋ. ಹೊರಡುವಾಗ ಶೇವಂತಾಬಾಯಿ ಅರ್ಧ ಉಂಡಿಗಳನ್ನು ಹಿತ್ತಾಳೆ ತಾಟಿಗೆ ಸುರಿದು, ಉಳಿದರ್ಧ ಡಬ್ಬಿಯಲ್ಲೇ ಬಿಟ್ಟು ಮುಚ್ಚಳ ಒತ್ತಿದಳು. ಅದು ಮಾಶಾಬಿಯ ಮನೆಗೆ, ಡಬ್ಬಿ ಸಮೇತ. ತುಳಜಾಬಾಯಿ ಮೇಜಿನ ಸೀರೆ ತೆಗೆದು ಮಡಿಸಲು ಹೋದರೆ ಮುದುಕಿ ತಡೆದಳು.

“ಹಬ್ಬದ ದಿನ ತೆಗೀಬ್ಯಾಡ. ಇಲ್ಲೇ ಇರಲಿ. ಲಗ್ನ ಆದ ಮ್ಯಾಲ ಈ ಹುಡುಗಿ ತರ್ತಾಳ.”

ಲುಂಬಿನಿ ಅಡುಗೆಮನೆಗೆ ಓಡಿಹೋಗಿ ಅತ್ತಳು. ಪ್ರಬುದ್ಧ ಚಪ್ಪಲಿ ಅದಲುಬದಲು ಹಾಕಿಕೊಂಡು ಹೊರಟ. ಬೀಗರು ಓಣಿಯ ತಿರುವು ದಾಟುತ್ತಲೇ ತುಳಜಾಬಾಯಿ ಗಂಡನ ಪಕ್ಕಕ್ಕೆ ಸರಿದಳು.

“ಇಷ್ಟೆಲ್ಲಾ ಆದ್ರೂ ಮುದುಕಿ ಇಷ್ಟು ಲಗೂ ಹೂಂ ಅಂದಳಲ್ಲ, ಯಾಕಿರಬೇಕು?”

“ಸುಮ್ನಿರು ಮಾರಾಯ್ತಿ” ಎಂದ ಭಗವಂತ.

ಸಂಜೆ ಪ್ರಬುದ್ಧನ ಫೋನು ಬಂತು. ಲುಂಬಿನಿ ಮಾತಾಡಿ ಬಂದು ಮೇಜಿನ ಹತ್ತಿರ ಕೂತಳು. ಅಜ್ಜಿ ಬಸ್ಸಿಳಿದವಳು ತನ್ನ ಮನೆಗೂ ಹೋಗದೆ ನೇರ ಮಾಶಾಬಿಯ ಬಾಗಿಲಿಗೆ ಹೋದಳಂತೆ. ತಪ್ಪಾಯಿತು ಎಂದಳಂತೆ. ಮಾಶಾಬಿ ಜಗಳ ಮಾಡಲಿಲ್ಲ. ಕೂರಿಸಿ ನೀರು ಕೊಟ್ಟಳು. ಉಂಡಿಗಳನ್ನು ಸೆರಗಿನಲ್ಲಿ ಹಾಕಿಸಿಕೊಂಡು, ಖಾಲಿ ಡಬ್ಬಿಯನ್ನು ಮಾತ್ರ ತಿರುಗಿ ಅಜ್ಜಿಯ ಕೈಗೇ ಕೊಟ್ಟಳಂತೆ.

“ಯಾಕಂತ?” ಎಂದಳು ತುಳಜಾಬಾಯಿ.

“ ‘ನಿಮ್ಮ ಡಬ್ಬಿ ನೀವೇ ಒಯ್ರಿ ಬಾಯಿ. ನಾಳಿ ಇದು ಎಲ್ಲ್ಯರ ಕಾಣದಂಗ ಆದ್ರ ಮತ್ತ ನನ್ನ ಮ್ಯಾಲೇ ಬರ್ತದ’ ಅಂದಳಂತ.”

ತುಳಜಾಬಾಯಿ ಸೀರೆಯ ಮೇಲೆ ತೊಟ್ಟಿಕ್ಕಿದ್ದ ಮೇಣವನ್ನು ಉಗುರಿನಿಂದ ಎಬ್ಬಿಸುತ್ತ ಕೂತಳು. ಎಬ್ಬಿಸಿ ಮುಗಿದ ಮೇಲೂ ಅಲ್ಲೇ ಕೈಯಾಡಿಸುತ್ತಿದ್ದಳು. ಈ ಮೇಜಿನ ಮೇಲಿರುವ ಯಾವ ಬಟ್ಟಲು ಯಾರ ಮನೆಯದು, ಯಾಕೆ ಅಲ್ಲಿಂದ ಹೊರಬಿತ್ತು ಎಂದು ಈಗಲೂ ಕೇಳಿದರೆ ಹೇಳಬಲ್ಲಳು.

“ಲುಂಬಿನಿ” ಎಂದಳು ಕೊನೆಗೆ, “ಆ ಏಲಕ್ಕಿ ಹುಡುಗ ಇದ್ನಲ್ಲ, ಅಂವ ಯಾಕ ಅಗೀತಿದ್ದ?”

“ನೀ ಕೇಳಲಿಲ್ಲಲ್ಲವ್ವ” ಎಂದಳು ಲುಂಬಿನಿ.