ಡಾನ್ ಕ್ಲೆತೊ ತರಿಸಿದ ಪೆಟ್ಟಿಗೆ

ಚಲ್ಲಕೊಯೊ ಊರಿನ ರೇಡಿಯೊದಲ್ಲಿ ಬೆಳಗಿನ ಸಂದೇಶ ಓದುವ ಡಾನ್ ಕ್ಲೆತೊ ವಾರಾಚಿಗೆ ತನ್ನ ದನಿಯ ಬಗ್ಗೆ ಇದ್ದ ಅಭಿಮಾನ ಸಣ್ಣದಲ್ಲ. ದನಿ ಮಾತ್ರ ಸಣ್ಣದು. ಹರೆಯದಲ್ಲಿ ತವರದ ಗಣಿಯ ದೂಳು ಕುಡಿದ ಎದೆ ಅದು. ಒಂದು ಸಂದೇಶ ಮುಗಿಯುವುದರೊಳಗೆ ಉಸಿರಿಗಾಗಿ ಎರಡು ಸಲವಾದರೂ ನಿಲ್ಲಬೇಕಿತ್ತು. ಈ ನಿಲ್ಲುವುದನ್ನೇ ಅವನು ದೊಡ್ಡ ಕಲೆ ಎಂದು ನಂಬಿದ್ದ.

"ಜನ ಕಿವಿ ಕೊಡೋದು ನನ್ನ ಮಾತಿಗಲ್ಲ, ಮಾತಿನ ಮಧ್ಯೆ ನಾನು ಬಿಡೋ ಜಾಗಕ್ಕೆ," ಎಂದು ಹೋದಲ್ಲಿ ಬಂದಲ್ಲಿ ಹೇಳಿಕೊಳ್ಳುತ್ತಿದ್ದ.

ಅವನು ಹೇಳುತ್ತಿದ್ದುದು ಅಪ್ಪಟ ನಿಜ. ಅದರ ಕಾರಣ ಮಾತ್ರ ಅವನಿಗೆ ಗೊತ್ತಿರಲಿಲ್ಲ.

ರೇಡಿಯೊ ಕೋಣೆ ಎಂದರೆ ಅವನ ಮನೆಯದೇ ಮುಂದಿನ ಕೋಣೆ. ಅದಕ್ಕೂ ಅಡುಗೆಮನೆಗೂ ನಡುವೆ ಒಂದು ಮಣ್ಣಿನ ಗೋಡೆ, ಬಾಗಿಲಿನ ಜಾಗದಲ್ಲಿ ಒಂದು ಕಂಬಳಿ. ಆಚೆ ಅವನ ಹೆಂಡತಿ ಸಾತುರ್ನಿನಾ, ಎಲ್ಲರ ಬಾಯಲ್ಲಿ ಸಾತುಕ, ಒಲೆಯ ಮುಂದೆ ಕೂತು ನೇರಳೆ ಬಣ್ಣದ ಮೆಕ್ಕೆಜೋಳದ ಗಂಜಿ ಕಲಕುತ್ತಿದ್ದಳು. ಮೈಕಿನ ಜೊತೆಗಿದ್ದ ಹಳೆಯ ಯಂತ್ರಕ್ಕೆ ಒಂದೇ ವಿದ್ಯೆ ಗೊತ್ತಿತ್ತು: ದನಿ ಜೋರಾದರೆ ಇಳಿಸುವುದು, ಸಣ್ಣದಾದರೆ ಏರಿಸುವುದು. ಕ್ಲೆತೊ ಉಸಿರಿಗೆ ನಿಂತೊಡನೆ ಅದು ಕಂಗಾಲಾಗಿ, ಎಲ್ಲಿ ಏನು ಸಿಕ್ಕೀತೆಂದು ತಡಕಾಡಿ, ಗೋಡೆಯಾಚೆಯ ಸಾತುಕಳನ್ನು ಎತ್ತಿಕೊಂಡು ಬೆಟ್ಟಬೆಟ್ಟಕ್ಕೂ ಹಂಚುತ್ತಿತ್ತು.

"ಕೊಂದೊ ಗುಡ್ಡದ ಫೆರ್ಮಿನನಿಗೆ," ಎಂದು ಕ್ಲೆತೊ ಗಂಭೀರವಾಗಿ ಓದುವನು. "ನಿನ್ನ ಅಕ್ಕ ಗುರುವಾರದ ಲಾರಿಗೆ ಬರುತ್ತಾಳೆ. ಕತ್ತೆ ಹೊಡೆದುಕೊಂಡು ರಸ್ತೆಗೆ ಬಾ."

ಉಸಿರು.

"ಗುರುವಾರ ಎಲ್ಲಿಯ ಲಾರಿ?" ಎಂದು ಒಲೆಯ ಕಡೆಯಿಂದ. "ಡ್ರೈವರ್ ಮಗಳ ಮದುವೆ ಅಲ್ವಾ ಅವತ್ತು? ಶನಿವಾರದ ತನಕ ಅವನಿಗೆ ಅಮಲು ಇಳಿಯಲ್ಲ."

ಫೋನು ಹತ್ತದ ಗುಡ್ಡಗಳಲ್ಲಿ ಲಾಮಾ ಹಿಂಡು ಕಾಯುವವರು ರೇಡಿಯೊ ಕಿವಿಗೊತ್ತಿಕೊಂಡು ಇದಕ್ಕಾಗಿಯೇ ಕಾಯುತ್ತಿದ್ದರು. ಫೆರ್ಮಿನ ಶನಿವಾರ ಕತ್ತೆ ಹೊಡೆದುಕೊಂಡು ಹೋದರೆ ಅಕ್ಕ ಸರಿಯಾಗಿ ಬಂದಿಳಿಯುತ್ತಿದ್ದಳು.

ತಾನು ಬಿಟ್ಟ ಜಾಗದಲ್ಲಿ ಹೆಂಡತಿಯ ದನಿ ತೂರುವುದು ಕ್ಲೆತೊಗೆ ಮೈಯೆಲ್ಲ ಉರಿಯುವ ಸಂಗತಿ. ಅದರಲ್ಲೂ ಆ ವರ್ಷ. ಕಾರ್ನಿವಲ್ ಹಬ್ಬ ಮುಗಿದ ಮೇಲೆ ಹಳ್ಳಿಹಳ್ಳಿಯವರು ಸಭೆ ಸೇರಿ, ಮೈಕಿನ ಮುಂದಿನ ಕುರ್ಚಿ ಯಾರದು ಎಂದು ಕೈಯೆತ್ತಿ ತೀರ್ಮಾನಿಸುವುದು ವಾಡಿಕೆ. ಇಷ್ಟು ವರ್ಷ ಅವನ ಹೆಸರು ಹೇಳಿ ಮುಗಿಯುವ ಮೊದಲೇ ಕೈಗಳು ಏಳುತ್ತಿದ್ದವು. ಈ ಸಲ ಬೇರೆ ಯಾರಾದರೂ ಓದಲಿ ಎಂಬ ಗುಸುಗುಸು ಅವನ ಕಿವಿಗೂ ಬಿದ್ದಿತ್ತು. ಆ ಕುರ್ಚಿ ಬಿಟ್ಟರೆ ತನ್ನದೆನ್ನಲು ಅವನಿಗೆ ಬೇರೇನಿರಲಿಲ್ಲ. ಗಣಿ ಎಂದೋ ಮುಚ್ಚಿತ್ತು, ಎದೆ ಎಂದೋ ಕೆಟ್ಟಿತ್ತು.

"ನಿನ್ನ ಬಾಯಿಂದಾನೇ ನನ್ನ ಕುರ್ಚಿ ಹೋಗೋದು," ಎಂದ ಹೆಂಡತಿಗೆ.

"ಕುರ್ಚಿ ಹೋದ್ರೆ ಮಣೆ ಇದೆ, ಮುದುಕ. ಗಂಜಿ ಕುಡಿ," ಎಂದಳು ಅವಳು.

ಅವನು ಒರೂರೊ ಪಟ್ಟಣಕ್ಕೆ ಹೋಗಿ, ಬೇಡಿ, ಕಾಡಿ, ಆ ಹಳೆಯ ಯಂತ್ರದ ಬದಲಿಗೆ ಹೊಸ ಪೆಟ್ಟಿಗೆಯೊಂದನ್ನು ಮಂಜೂರು ಮಾಡಿಸಿಕೊಂಡು ಬಂದ. ಅದನ್ನು ಜೋಡಿಸಿದ ಮಾರ್ಲೇನೆ ಎಂಬ ಇಂಜಿನಿಯರ್ ಹುಡುಗಿ ಹೀಗೆ ತಿಳಿಸಿಕೊಟ್ಟಳು: "ಮೈಕಿನ ಹತ್ತಿರ ಆಡಿದ ಮಾತು ಸಣ್ಣಗಿದ್ರೆ ಏರಿಸತ್ತೆ, ಡಾನ್ ಕ್ಲೆತೊ. ನೀವು ಸುಮ್ಮನಾದ್ರೆ ಇದೂ ಸುಮ್ಮನಿರತ್ತೆ. ದೂರದ ಗದ್ದಲಾನ ಎತ್ತಿ ತರೋ ಚಾಳಿ ಇದಕ್ಕಿಲ್ಲ."

"ದೂರದ ಗದ್ದಲ ಅಂದ್ರೆ, ಅಡುಗೆಮನೆ?"

"ಅದೂ ಸೇರಿ."

ಕ್ಲೆತೊಗೆ ಆ ಹುಡುಗಿಯ ಕೈಗೆ ಮುತ್ತಿಡುವಷ್ಟು ಸಂತೋಷವಾಯಿತು. ಪೆಟ್ಟಿಗೆಗೆ ಬಣ್ಣದ ಕಾಗದದ ಹಾರ ಹಾಕಿ, ಭೂತಾಯಿಯ ಪಾಲೆಂದು ನೆಲಕ್ಕೆ ನಾಲ್ಕು ಹನಿ ಮದ್ಯ ಚೆಲ್ಲಿ, ಉಳಿದದ್ದನ್ನು ತಾನೇ ಕುಡಿದ.

ಮರುದಿನದಿಂದ ಅವನ ಕಲೆ ಕಳೆ ಕಟ್ಟಿತು. ಅವನು ಮಾತು ನಿಲ್ಲಿಸಿದರೆ ಬೆಟ್ಟಗಳಲ್ಲಿ ತೊಳೆದಿಟ್ಟಂಥ ಮೌನ. ಸಾತುಕ ಎಂದಿನಂತೆ ಒಲೆಯ ಮುಂದೆ ಮಾತಾಡುತ್ತಲೇ ಇದ್ದಳು. ಅದು ಕಂಬಳಿ ದಾಟಿ ಗಂಡನ ಕಿವಿಗೆ ಬೀಳುತ್ತಿತ್ತೇ ಹೊರತು ಊರಿಗಲ್ಲ.

ಆ ವಾರ ಫೆರ್ಮಿನ ಬಾರದ ಲಾರಿಗಾಗಿ ಕತ್ತೆಯ ಸಮೇತ ದಿನವಿಡೀ ರಸ್ತೆ ಕಾದ. ಅದಾದ ಮೇಲೆ ಒಂದು ಬೆಳಿಗ್ಗೆ ಕೊಂದೊ ಗುಡ್ಡದಿಂದ ಮೂವರು ಹೆಂಗಸರು ಕರಿ ಶಾಲು ಹೊದ್ದು, ಸಾವಿನ ಮನೆಗೆ ಒಯ್ಯುವ ಕೋಕಾ ಎಲೆಯ ಗಂಟು ಹಿಡಿದು, ಅಳುತ್ತಲೇ ಬಂದು ಬಾಗಿಲು ತಟ್ಟಿದರು. ತೆರೆದವಳು ಸಾತುಕ.

"ನೀನು ಸತ್ತಿದ್ದೀಯ ಅಂದ್ಕೊಂಡ್ವಲ್ಲೇ," ಎಂದಳು ಅವರಲ್ಲಿ ಹಿರಿಯಳು, ಕಣ್ಣೊರೆಸಿಕೊಂಡು. "ರೇಡಿಯೊದಲ್ಲಿ ನಿನ್ನ ಸುದ್ದಿನೇ ಇಲ್ಲ."

"ಸತ್ತಿದ್ರೆ ಇವನೇ ಓದಿ ಹೇಳ್ತಿರಲಿಲ್ವಾ?"

"ಅವನು ಓದಿದ್ದನ್ನ ಯಾರಮ್ಮ ನಂಬ್ತಾರೆ?"

ಇಷ್ಟು ದೂರ ನಡೆದದ್ದು ದಂಡವಾಗಬಾರದೆಂದು ಮೂವರೂ ಕೂತು ಸಾವಿನ ಮನೆಯ ಊಟದಷ್ಟೇ ತೃಪ್ತಿಯಾಗಿ ಉಂಡು ಹೋದರು. ಗೋಡೆಯ ಈಚೆ ಕ್ಲೆತೊ ಎಲ್ಲವನ್ನೂ ಕೇಳಿಸಿಕೊಂಡ. ಆಮೇಲೆ, ಗುಡ್ಡದ ಹೆಂಗಸರಿಗೆ ಕಲೆಯ ಗಂಧ ಎಲ್ಲಿಂದ ಬರಬೇಕು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ.

ಸಭೆಯ ದಿನ ಅವನು ಕೋಟು ತೊಟ್ಟು, ಪೆಟ್ಟಿಗೆಯ ಗುಣಗಾನ ಮಾಡಿ, ನಡುನಡುವೆ ಒಳ್ಳೆಯ ಜಾಗ ಬಿಟ್ಟು ಭಾಷಣ ಮಾಡಿದ. ಸಭೆಯ ಹಿರಿಯ ಡಾನ್ ಎಪಿಫಾನಿಯೊ ತಾಳ್ಮೆಯಿಂದ ಕೇಳಿ, "ಡಾನ್ ಕ್ಲೆತೊ ಓದಲಿ ಅನ್ನೋರು?" ಎಂದ. ಸಾತುಕಳ ಕೈ ಎದ್ದಿತು. ಅದೊಂದೇ.

"ಡೋನ್ಯಾ ಸಾತುಕ ಓದಲಿ ಅನ್ನೋರು?"

ಉಳಿದ ಕೈಗಳೆಲ್ಲ ಎದ್ದವು.

"ಪೆಟ್ಟಿಗೇದೇ ತಪ್ಪು," ಎಂದ ಕ್ಲೆತೊ, ಬಣ್ಣಗೆಟ್ಟು. "ಬೇಕಾದ್ರೆ ವಾಪಸ್ ಕಳಿಸ್ತೀನಿ."

"ಪೆಟ್ಟಿಗೆ ಚೆನ್ನಾಗೇ ಇದೆಯಪ್ಪ," ಎಂದ ಎಪಿಫಾನಿಯೊ. "ಅದರ ಮುಂದೆ ಕೂರಬೇಕಾದವರು ಬಿಟ್ಟು ಬೇರೆಯವರು ಕೂತಿದ್ರು, ಅಷ್ಟೆ."

"ನಾನು ಅಲ್ಲಿ ಕೂತ್ರೆ ಗಂಜಿ ಕಲಕೋರು ಯಾರು?" ಎಂದಳು ಸಾತುಕ. ಸಭೆ ಮೆಲ್ಲಗೆ ತಿರುಗಿ ಕ್ಲೆತೊನತ್ತ ನೋಡಿತು. ಅವನಿಗೆ ಅತ್ತುಬಿಡುವಷ್ಟು ನೋವಾಗಿತ್ತು. ಅಳಲಿಲ್ಲ. ಕೋಟಿನ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿ ಮತ್ತೆ ಹಾಕಿಕೊಂಡ.

ಹೀಗೆ ಡಾನ್ ಕ್ಲೆತೊ ಮಣೆಗೆ ಬಂದ. ಸಾತುಕ ಓದುವಾಗ ಉಸಿರಿಗೂ ನಿಲ್ಲುತ್ತಿರಲಿಲ್ಲ; ಸಂದೇಶ, ತಿದ್ದುಪಡಿ, ಬೈಗುಳ ಎಲ್ಲ ಒಂದೇ ಓಟದಲ್ಲಿ. "ಅಲ್ಲಿ ಒಂಚೂರು ಜಾಗ ಬಿಡ್ಬೇಕಿತ್ತು," ಎಂದು ಅವನು ಒಲೆಯ ಮುಂದೆ ಗೊಣಗುವನು. ಪೆಟ್ಟಿಗೆ ಅದನ್ನು ದೂರದ ಗದ್ದಲವೆಂದು ಎಣಿಸಿ ಬಿಟ್ಟುಬಿಡುತ್ತಿತ್ತು. ಬೇಡಿ ತಂದವನೆಂಬ ದಾಕ್ಷಿಣ್ಯ ಅದಕ್ಕಿರಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಅವನ ಗೊಣಗು ಕಡಿಮೆಯಾಯಿತು. ಗಂಜಿ ತಳ ಹಿಡಿಯುವುದೂ ಕಡಿಮೆಯಾಯಿತು. ಒಂದು ಬೆಳಿಗ್ಗೆ, ಆಸ್ಪತ್ರೆಯಲ್ಲಿದ್ದ ಮುದುಕಿಯೊಬ್ಬಳು ಗಂಡನಿಗೆ ಕಳಿಸಿದ್ದ ಸಂದೇಶವನ್ನು ಸಾತುಕ ಓದುತ್ತಿದ್ದಳು: ವಾಸಿಯಾಗಿದೆ, ಬರುತ್ತೇನೆ, ಕೋಳಿಗಳನ್ನು ಮಾರಬೇಡ. ಅವಳು ಅದನ್ನು ಬೈಯದೆ ಓದಿದಳು. ಸೌಟು ಹಿಡಿದಿದ್ದ ಕ್ಲೆತೊ ಅಷ್ಟು ವರ್ಷದಲ್ಲಿ ಹೇಳದೇ ಇದ್ದದ್ದನ್ನು, ಎಂದಿನ ಸಣ್ಣ ದನಿಯಲ್ಲೇ, ಕಂಬಳಿಯ ಕಡೆಗೆ ಹೇಳಿದ.

"ನೀನು ನನಗಿಂತ ಚೆನ್ನಾಗಿ ಓದ್ತೀಯ, ಸಾತುಕ."

ಸಾತುಕಳ ಓದು ನಿಂತಿತು. ಬೆಟ್ಟಗಳಲ್ಲಿ ಲಾಮಾ ಕಾಯುವವರು ರೇಡಿಯೊವನ್ನು ಕಿವಿಗೆ ಒತ್ತಿದರು, ಗುದ್ದಿದರು, ಬ್ಯಾಟರಿ ಕಳಚಿ ಹಾಕಿದರು. ಏನೂ ಕೇಳಲಿಲ್ಲ. ಕ್ಲೆತೊ ತನ್ನ ಕಾಲದಲ್ಲಿ ಎಂದೂ ಅಷ್ಟು ದೊಡ್ಡ ಜಾಗ ಬಿಟ್ಟವನಲ್ಲ.

ಆಮೇಲೆ ಅವಳು ಮುಂದಿನ ಸಂದೇಶ ಓದಿದಳು.

ಸಂತೆಯಲ್ಲಿ ಫೆರ್ಮಿನ ಕೇಳಿದ, "ಅವತ್ತು ಮಧ್ಯೆ ಏನಾಯ್ತು, ಡೋನ್ಯಾ ಸಾತುಕ?"

"ಪೆಟ್ಟಿಗೆ ಕೆಟ್ಟಿತ್ತು," ಎಂದಳು ಅವಳು.

ಪಕ್ಕದಲ್ಲಿ ಆಲೂಗಡ್ಡೆಯ ಚೀಲ ಹೊತ್ತು ನಿಂತಿದ್ದ ಡಾನ್ ಕ್ಲೆತೊ, ತನ್ನ ಪೆಟ್ಟಿಗೆಯ ಪರವಾಗಿ ಒಂದು ಮಾತೂ ಆಡಲಿಲ್ಲ.