ಬದುಕಲೆಂದು ತಪ್ಪು ಮಾಡುವ ಜೀವಿ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಅವ್ವ ಹೇಳುತ್ತಿದ್ದಳು. ಅವಳು ಹೋದ ಮೇಲೆ ಆ ಸಿಟ್ಟನ್ನು ಯಾರ ಮೇಲೆ ತೀರಿಸಿಕೊಳ್ಳಬೇಕೋ ತಿಳಿಯದೆ ಒದ್ದಾಡುತ್ತಿದ್ದೇನೆ.

ವಿಜಯಪುರದ ಕಡೆಯಿಂದ ಗೋವಾಕ್ಕೆ ಬಂದ ಅವ್ವ ಕಟ್ಟಡದ ಕೆಲಸದಲ್ಲೇ ಜೀವ ಸವೆಸಿದಳು. ಚಿಂಬಲ್‌ನ ನಮ್ಮ ಓಣಿಯ ಹೆಂಗಸರು ಬೆಳಿಗ್ಗೆ ಚಹಾ ಕುಡಿದು ಹೊರಟರೆ ಸಂಜೆಯವರೆಗೆ ನೀರು ಮುಟ್ಟುತ್ತಿರಲಿಲ್ಲ. ಕೆಲಸದ ಜಾಗದಲ್ಲಿ ಹೆಂಗಸರಿಗೆಂದು ಒಂದು ಮರೆಯೂ ಇರುತ್ತಿರಲಿಲ್ಲ. ಉರಿಮೂತ್ರ ಎಲ್ಲರಿಗೂ ಇದ್ದದ್ದೇ. ಒಬ್ಬಳಿಗೆ ಡಾಕ್ಟರು ಗುಳಿಗೆ ಕೊಟ್ಟರೆ ಅದು ಇಡೀ ಓಣಿಯದು. ಉರಿ ಇಳಿದ ಕೂಡಲೇ ನಿಲ್ಲಿಸಿ, ಪಟ್ಟಿಯಲ್ಲಿ ಮಿಕ್ಕ ಗುಳಿಗೆಗಳನ್ನು ಕತ್ತರಿಯಿಂದ ಕತ್ತರಿಸಿ ಪಕ್ಕದವಳಿಗೆ ಕೊಡುತ್ತಿದ್ದರು. ಒಬ್ಬಳೇ ಪೂರ್ತಿ ನುಂಗುವುದು ಅವರ ಕಣ್ಣಿಗೆ ಸಣ್ಣತನ. ನಾನು ಕೂಗಾಡುತ್ತಿದ್ದೆ.

"ನನಗ ಆರಾಮ ಆತಲ್ಲ. ಆಕಿ ಒದ್ದಾಡಾಕತ್ತಾಳ, ನಾ ಹೆಂಗ ಇಟ್ಕೊಂಡು ಕೂಡ್ಲಿ?" ಎನ್ನುತ್ತಿದ್ದಳು ಅವ್ವ.

ಇಂಥ ಅರೆಬರೆ ಔಷಧ ಏನು ಮಾಡುತ್ತದೆ ಎಂಬುದನ್ನೇ ನಾನು ಓದಿ ಕಲಿತದ್ದು. ಪಣಜಿ ಹತ್ತಿರದ ಪ್ರಯೋಗಾಲಯವೊಂದರಲ್ಲಿ ಬ್ಯಾಕ್ಟೀರಿಯಾಗಳಿಗೆ ಸಾಯದಷ್ಟು ಔಷಧ ಕೊಟ್ಟು, ಏನು ಮಾಡುತ್ತವೆಂದು ನೋಡುವುದು ನನ್ನ ಕೆಲಸ. ಕೆಲವು ಔಷಧಗಳು ಅವುಗಳ ಡಿಎನ್‌ಎ ಮುರಿಯುತ್ತವೆ. ಮುರಿದಲ್ಲಿಗೆ ಒಂದು ಪ್ರೋಟೀನ್ ಬಂದು ಸುತ್ತಿಕೊಳ್ಳುತ್ತದೆ. ಅದರಿಂದ, ತುರ್ತಿನ ಜೀನ್‌ಗಳ ಬಾಯಿ ಮುಚ್ಚಿಸಿದ್ದ ಇನ್ನೊಂದು ಪ್ರೋಟೀನ್ ತುಂಡಾಗುತ್ತದೆ. ಎಚ್ಚೆತ್ತ ಜೀನ್‌ಗಳು ಡಿಎನ್‌ಎ ನಕಲು ಮಾಡುವ ಬೇರೊಂದು ಬಗೆಯ ಕಿಣ್ವಗಳನ್ನು ಹುಟ್ಟಿಸುತ್ತವೆ. ಸಂಜೆಯೊಳಗೆ ಸ್ಲ್ಯಾಬ್ ಮುಗಿಸು ಎಂದು ಬೈಸಿಕೊಂಡ ಮೇಸ್ತ್ರಿಯ ಕೆಲಸದಂತೆ, ನಕಲು ಮುಗಿಯುತ್ತದೆ, ತಪ್ಪುಗಳು ಉಳಿಯುತ್ತವೆ. ಹೆಚ್ಚಿನವು ಪ್ರಯೋಜನಕ್ಕೆ ಬಾರದ ತಪ್ಪುಗಳು. ಎಲ್ಲೋ ಒಂದು ತಪ್ಪಿನಿಂದ ಮಾತ್ರ ಔಷಧಕ್ಕೆ ಬಗ್ಗದ ಜೀವಿ ಹುಟ್ಟುತ್ತದೆ.

ಹೋದ ಮಳೆಗಾಲ ಅವ್ವನ ಸೋಂಕು ಮೂತ್ರಪಿಂಡ ದಾಟಿ ರಕ್ತ ಸೇರಿತು. ಆಸ್ಪತ್ರೆಯವರು ಪರೀಕ್ಷಿಸಿದ ಯಾವ ಔಷಧಕ್ಕೂ ಅದು ಜಗ್ಗಲಿಲ್ಲ. ಎಲ್ಲವೂ ಆ ಅರೆಬರೆ ಗುಳಿಗೆಗಳಿಂದಲೇ ಆಯಿತೆಂದು ನಾನು ಆಣೆ ಮಾಡಲಾರೆ. ಬ್ಯಾಕ್ಟೀರಿಯಾಗಳು ಇಂಥ ಜೀನ್‌ಗಳನ್ನು ಒಂದಕ್ಕೊಂದು ಹಂಚಿಕೊಳ್ಳುತ್ತವೆ ಕೂಡ, ನಮ್ಮ ಓಣಿಯವರ ಹಾಗೆ. ಡಾಕ್ಟರು ನನ್ನನ್ನು ಹೊರಗೆ ಕರೆದು, ಆಸೆ ಇಟ್ಟುಕೊಳ್ಳಬೇಡಿ ಎಂದರು.

ಒಳಗೆ ಬಂದರೆ ಅವ್ವ ಕಾಯುತ್ತಿದ್ದಳು. "ಏನಾಗೇತಿ ನನಗ? ನೀ ಕಲ್ತಾಕಿ, ನೀನ ಹೇಳು."

ಸುಳ್ಳು ಹೇಳಲು ಬರಲಿಲ್ಲ, ನಿಜ ಹೇಳುವ ಧೈರ್ಯವೂ ಇರಲಿಲ್ಲ. ಅದಕ್ಕೇ ಬ್ಯಾಕ್ಟೀರಿಯಾದ ಕತೆ ಹೇಳಿದೆ. ಪೆಟ್ಟು ಬಿದ್ದಾಗ ಅದು ಹೇಗೆ ಗಾಬರಿಯಾಗುತ್ತದೆ, ಬದುಕಲೆಂದು ಹೇಗೆ ತಪ್ಪುತಪ್ಪಾಗಿ ತನ್ನನ್ನೇ ಬರೆದುಕೊಳ್ಳುತ್ತದೆ ಎಂದೆಲ್ಲ. ಅವ್ವ ಕಣ್ಣು ಮುಚ್ಚಿ ಕೇಳಿದಳು.

"ಅವಕ್ಕೂ ಜೀವದ ಆಸಿ ಇರ್ತೈತಲ್ಲ, ಪಾಪ," ಎಂದಳು.

ಆ 'ಪಾಪ' ಕೇಳಿ ನನಗೆ ಮೈಯೆಲ್ಲ ಉರಿಯಿತು. ತನ್ನನ್ನು ತಿನ್ನುತ್ತಿರುವುದಕ್ಕೂ ಮರುಗುವ ಇವಳನ್ನು ಏನು ಮಾಡಲಿ?

ಕತೆ ಮುಗಿದಾಗ ಅವಳ ಮುಖ ಹಗುರಾಗಿತ್ತು. ಪಕ್ಕದ ಮಂಚದ ಹೆಂಗಸಿನ ಕಡೆ ತಿರುಗಿದಳು.

"ಕೇಳಿದ್ರೇನ್ರಿ? ನನ್ನ ಮಗಳಿಗೆ ಇದರ ಒಳಗಿಂದೆಲ್ಲ ಗೊತ್ತೈತ್ರಿ. ಇನ್ನ ನನಗೇನೂ ಆಗೂದಿಲ್ರಿ."

ನಾನು ಅವಳ ಹೊದಿಕೆ ಸರಿಮಾಡಿದೆ. ಅವಳು ನನ್ನ ಕೈ ಹಿಡಿದು ನೆಮ್ಮದಿಯಿಂದ ನಿದ್ದೆ ಹೋದಳು. ಮರುದಿನ ಬೆಳಿಗ್ಗೆ ತೀರಿಕೊಂಡಳು, ನನ್ನನ್ನು ನಂಬಿಕೊಂಡೇ.